ಮತಪೆಟ್ಟಿಗೆ ಬರೋಕೆ ಹನ್ನೆರಡು ವರ್ಷ: ನುನಾವುಟ್ ಕ್ಷೇತ್ರದ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಜಗತ್ತಿನ ದೊಡ್ಡ ಮತಕ್ಷೇತ್ರಗಳ ಬಗ್ಗೆ ಬರೆಯುವಾಗ ಕೆನಡಾದ ಉತ್ತರ ತುದಿಯ ನುನಾವುಟ್ ಹೆಸರನ್ನು ಎರಡೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಎರಡು ಸಾಲಿಗೇ ಜಾಸ್ತಿ ಪತ್ರ ಬಂದಿವೆ. ನನಗೆ ತುಂಬಾ ಇಷ್ಟವಾದ ವಿಷಯ ಇದು, ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಇಪ್ಪತ್ತು ಲಕ್ಷ ಚದರ ಕಿಲೋಮೀಟರ್ ಜಾಗಕ್ಕೆ ಒಬ್ಬರೇ ಸಂಸದರು ಅಂತ ಬರೆದಿದ್ದಿರಿ. ಓದಿ ನಂಬೋಕಾಗಲಿಲ್ಲ. ಅದನ್ನು ಎರಡೋ ಮೂರೋ ಕ್ಷೇತ್ರ ಮಾಡಬಾರದಾ?

ಜಾಗ ನೋಡಿದರೆ ಹಾಗೇ ಅನ್ನಿಸುತ್ತದೆ. ಆದರೆ ಜನ ಎಷ್ಟು ಗೊತ್ತಾ? 2021ರ ಜನಗಣತಿಯ ಪ್ರಕಾರ 36,858. ಕೆನಡಾದಲ್ಲಿ ಒಂದು ಕ್ಷೇತ್ರಕ್ಕೆ ಸರಾಸರಿ ಲಕ್ಷಕ್ಕೂ ಮೇಲೆ ಜನ ಇರುತ್ತಾರೆ. ಬರೀ ತಲೆ ಎಣಿಸಿ ಕೊಟ್ಟಿದ್ದರೆ ಇವರಿಗೆ ಅರ್ಧ ಸೀಟೂ ಸಿಗುತ್ತಿರಲಿಲ್ಲ. ಉತ್ತರದಲ್ಲಿ ನಮ್ಮ ಕೇಂದ್ರಾಡಳಿತ ಪ್ರದೇಶಗಳ ಥರದ ಮೂರು ಟೆರಿಟರಿಗಳಿವೆ: ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್, ನುನಾವುಟ್. ಜನ ಎಷ್ಟೇ ಇರಲಿ, ಒಂದೊಂದಕ್ಕೆ ಒಂದು ಸೀಟು ಅಂತ ನಿಗದಿಯಾಗಿದೆ. ಹಾಗಾಗಿ ನುನಾವುಟ್ ಟೆರಿಟರಿಯ ಗಡಿಯೇ ಕ್ಷೇತ್ರದ ಗಡಿ.

ಈ ಜನ 25 ಊರುಗಳಲ್ಲಿ ಹಂಚಿಕೊಂಡಿದ್ದಾರೆ. ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆ ಇಲ್ಲ. ಹೊರಗಿನ ಪ್ರಪಂಚಕ್ಕೂ ರಸ್ತೆ ಇಲ್ಲ. ವಿಮಾನವೇ ಗತಿ, ಹಡಗು ಬರುವುದು ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಾಗ ಮಾತ್ರ. ಇಡೀ ಕ್ಷೇತ್ರ ಮೂರು ಟೈಮ್ ಜೋನ್‌ಗಳಲ್ಲಿ ಹರಡಿದೆ. ಅಂದರೆ ಸಂಸದರು ತಮ್ಮ ಕ್ಷೇತ್ರ ಸುತ್ತಬೇಕಾದರೆ ಗಡಿಯಾರವನ್ನೂ ತಿದ್ದಿಕೊಳ್ಳುತ್ತಾ ಹೋಗಬೇಕು. ಹವಾಮಾನ ಕೆಟ್ಟರೆ ಒಂದೇ ಊರಲ್ಲಿ ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಪ್ರಚಾರಕ್ಕೆ ಇರುವುದು ಐದಾರು ವಾರ, ಅಷ್ಟರಲ್ಲಿ 25 ಊರಿಗೂ ಹೋಗಿ ಬರುವುದು ಸುಲಭದ ಕೆಲಸ ಅಲ್ಲ, ಅಲ್ವಾ?

ಪ್ರಶ್ನೆ: ಅಲ್ಲಿನ ಮೂಲ ನಿವಾಸಿಗಳಾದ ಇನೂಯಿಟ್ ಜನರಿಗೆ ಮತದಾನದ ಹಕ್ಕು ಮೊದಲಿಂದಲೂ ಇತ್ತೇ?

ಇಲ್ಲ. ನನ್ನನ್ನು ತುಂಬಾ ಕಾಡುವ ಭಾಗ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1934ರಲ್ಲಿ ಕೆನಡಾ ಸಂಸತ್ತು ಮತದಾನದ ಹಕ್ಕಿನ ಬಗ್ಗೆ ಒಂದು ಕಾಯ್ದೆ ಮಾಡಿತು. ಅದರಲ್ಲಿ ಇನೂಯಿಟ್ ಜನರಿಗೆ ಮತ ಇಲ್ಲ ಅಂತ ನೇರವಾಗಿಯೇ ಬರೆದಿತ್ತು. ಆಗ ಅವರನ್ನು ಎಸ್ಕಿಮೋ ಅಂತ ಕರೆಯುತ್ತಿದ್ದರು. ಆ ಹೆಸರು ಇವತ್ತು ಅವರಿಗೆ ಬೇಡ, ನಾವೂ ಬಳಸದಿರುವುದೇ ಒಳ್ಳೆಯದು. ಐದು ವರ್ಷದ ಮೇಲೆ, 1939ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ ಇನೂಯಿಟ್ ಜನರ ಹೊಣೆ ಕೇಂದ್ರ ಸರ್ಕಾರದ್ದೇ ಅಂತ ತೀರ್ಪು ಕೊಟ್ಟಿತು. ಹೊಣೆ ಕೇಂದ್ರದ್ದು, ಆದರೆ ಆ ಕೇಂದ್ರ ಸರ್ಕಾರವನ್ನು ಆರಿಸುವ ಹಕ್ಕು ಇವರಿಗಿಲ್ಲ. 1950ರಲ್ಲಿ ಆ ನಿಷೇಧ ತೆಗೆದರು.

ಹಾಗಾದರೆ 1950ರಿಂದ ಮತ ಹಾಕಿದರಾ? ಕಾಗದದ ಮೇಲೆ ಹಕ್ಕು ಬಂತು ಅಷ್ಟೆ. ಆಗ ನುನಾವುಟ್ ಬೇರೆ ಇರಲಿಲ್ಲ, ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲೇ ಸೇರಿತ್ತು. ಆ ಟೆರಿಟರಿಗೆ ಇದ್ದ ಕ್ಷೇತ್ರ ಪಶ್ಚಿಮದ ಮೆಕೆಂಜಿ ಕಡೆಗೆ ಸೇರಿದ್ದು. 1949ರ ಚುನಾವಣೆಯಲ್ಲಿ ಅದನ್ನು ಯೂಕಾನ್ ಜೊತೆ ಸೇರಿಸಿದ್ದರು, 1953ರಲ್ಲಿ ಮೆಕೆಂಜಿ ರಿವರ್ ಅಂತ ಬೇರೆ ಮಾಡಿದರು. ಇವತ್ತಿನ ನುನಾವುಟ್‌ನ ಬಹುಭಾಗ, ಅಂದರೆ ಪೂರ್ವದ ಆರ್ಕ್ಟಿಕ್, ಯಾವ ಕ್ಷೇತ್ರಕ್ಕೂ ಸೇರಿರಲಿಲ್ಲ! 1962ರಲ್ಲಿ ಇಡೀ ನಾರ್ತ್‌ವೆಸ್ಟ್ ಟೆರಿಟರೀಸ್ ಒಂದೇ ಕ್ಷೇತ್ರವಾದಾಗಲೇ ಪೂರ್ವದ ಊರುಗಳಿಗೆಲ್ಲ ಮತಪೆಟ್ಟಿಗೆ ಬಂದದ್ದು. ಹಕ್ಕು ಬಂದ ಮೇಲೆ ಪೆಟ್ಟಿಗೆ ಬರೋಕೆ ಹನ್ನೆರಡು ವರ್ಷ ಬೇಕಾಯಿತು.

ಈ ಹನ್ನೆರಡು ವರ್ಷದಲ್ಲಿ ಏನೇನಾಯಿತು ಅಂತಲೂ ನೋಡಬೇಕು. 1953ರಲ್ಲಿ ಮತ್ತು 1955ರಲ್ಲಿ ಸರ್ಕಾರ ಉತ್ತರ ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಇನೂಯಿಟ್ ಕುಟುಂಬಗಳನ್ನು ಹಡಗಿನಲ್ಲಿ ಕರೆದುಕೊಂಡು ಹೋಗಿ, ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ, ಗ್ರೀಸ್ ಫಿಯೋರ್ಡ್ ಮತ್ತು ರೆಸಲ್ಯೂಟ್ ಎಂಬ ಕಡೆ ಇಳಿಸಿತು. ಅಲ್ಲಿ ಬೇಟೆ ಚೆನ್ನಾಗಿ ಸಿಗುತ್ತದೆ, ಬೇಡವೆಂದರೆ ವಾಪಸ್ ಬರಬಹುದು ಅಂತ ಹೇಳಿದ್ದರು. ಹೋದ ಮೇಲೆ ಕಂಡದ್ದು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕತ್ತಲು, ಗೊತ್ತಿಲ್ಲದ ಪ್ರಾಣಿಗಳು, ಗೊತ್ತಿಲ್ಲದ ಮಂಜು. ವಾಪಸ್ ಕಳಿಸುವ ಮಾತೂ ಉಳಿಯಲಿಲ್ಲ. ಅವರನ್ನು ಇಳಿಸಿದ ಆ ದ್ವೀಪಗಳಿಗೆ ಆಗ ಸಂಸತ್ತಿನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ. ದೂರು ಕೊಡೋಣ ಅಂದರೆ ಯಾರಿಗೆ ಕೊಡಬೇಕು? ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ತೀರಿಹೋಗಿದ್ದರು.

ಹೀಗೆ ರೆಸಲ್ಯೂಟ್‌ಗೆ ಹೋದ ಮಕ್ಕಳಲ್ಲಿ ಜಾನ್ ಅಮಾಗೋಲಿಕ್ ಎಂಬ ಪುಟ್ಟ ಹುಡುಗನಿದ್ದ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಪ್ರಶ್ನೆ: ಇನೂಯಿಟ್ ಜನರಿಗೆ ಹೆಸರಿನ ಬದಲು ನಂಬರ್ ಕೊಟ್ಟಿದ್ದರು ಅಂತ ಎಲ್ಲೋ ಕೇಳಿದೆ. ಸುಮ್ನೆ ಹೇಳುವ ಮಾತಾ, ನಿಜವಾ?

ನಿಜ. ಇನೂಯಿಟ್ ಸಂಪ್ರದಾಯದಲ್ಲಿ ಮನೆತನದ ಹೆಸರು ಅಂತ ಇರಲಿಲ್ಲ. ಒಬ್ಬರಿಗೆ ಒಂದು ಹೆಸರು, ಅದು ಸಾಮಾನ್ಯವಾಗಿ ತೀರಿಹೋದ ಹಿರಿಯರದ್ದು. ಅಧಿಕಾರಿಗಳಿಗೆ ಇದು ಲೆಕ್ಕಕ್ಕೆ ಕಷ್ಟವಾಯಿತು. 1940ರ ದಶಕದಿಂದ ಎಲ್ಲರಿಗೂ ನಂಬರ್ ಕೊರೆದ ಸಣ್ಣ ಬಿಲ್ಲೆ ಕೊಟ್ಟರು. ಪೂರ್ವದವರಿಗೆ ಇ ಅಕ್ಷರ, ಪಶ್ಚಿಮದವರಿಗೆ ಡಬ್ಲ್ಯೂ, ಅದರ ಮುಂದೆ ಅಂಕಿ. ಸರ್ಕಾರಿ ಕಾಗದದಲ್ಲೆಲ್ಲ ಅದೇ ಗುರುತು.

ಇದಕ್ಕೂ ರಾಜಕೀಯಕ್ಕೂ ನೇರ ಸಂಬಂಧ ಇದೆ. ಟೆರಿಟರಿ ಕೌನ್ಸಿಲ್‌ಗೆ 1965ರಲ್ಲಿ ಏಬ್ ಓಕ್ಪಿಕ್ ನೇಮಕವಾದರು, ಇನೂಯಿಟ್ ಪೈಕಿ ಅವರೇ ಮೊದಲಿಗರು. ಮರುವರ್ಷ ಸೈಮನಿ ಮೈಕಲ್ ಚುನಾವಣೆಯಲ್ಲಿ ಗೆದ್ದು ಬಂದರು. ಗೆದ್ದು ಬಂದವರಲ್ಲಿ ಅವರು ಮೊದಲಿಗರು. ನಮ್ಮನ್ನು ನಂಬರ್‌ನಿಂದ ಗುರುತಿಸುವುದು ಬೇಡ ಅಂತ ಕೌನ್ಸಿಲ್‌ನಲ್ಲಿ ಎದ್ದು ನಿಂತು ಹೇಳಿದವರು ಈ ಸೈಮನಿ ಮೈಕಲ್. ಆಮೇಲೆ ನಂಬರ್ ಬದಲು ಹೆಸರು ಬರೆಸುವ ಕೆಲಸಕ್ಕೆ ಓಕ್ಪಿಕ್ ಅವರನ್ನೇ ಹಾಕಿದರು. ಅವರು ಊರೂರು ತಿರುಗಿ, ಮನೆ ಮನೆಗೆ ಹೋಗಿ, ನಿಮಗೆ ಯಾವ ಹೆಸರು ಬೇಕು ಅಂತ ಕೇಳಿ ಬರೆದುಕೊಂಡರು. 1970ರ ಆಸುಪಾಸಿನಲ್ಲಿ ಈ ಕೆಲಸ ನಡೆಯಿತು. ಒಬ್ಬ ಪ್ರತಿನಿಧಿ ಏನು ಮಾಡಬಲ್ಲ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಉದಾಹರಣೆ ಇದು.

ಪ್ರಶ್ನೆ: ಈ ಕ್ಷೇತ್ರದ ಮೊದಲ ಸಂಸದರೇ ಪಕ್ಷ ಬದಲಿಸಿದರಂತೆ. ಅಲ್ಲೂ ಇದೇ ಕಥೆನಾ?

ಪಕ್ಷ ಬದಲಿಸಿದ್ದು ಹೌದು. ಆದರೆ ಅವರ ಕಥೆ ಪೂರ್ತಿ ಕೇಳಿ.

1979ರಲ್ಲಿ ದೊಡ್ಡ ನಾರ್ತ್‌ವೆಸ್ಟ್ ಟೆರಿಟರೀಸ್ ಕ್ಷೇತ್ರವನ್ನು ಎರಡು ಮಾಡಿದರು. ಪಶ್ಚಿಮಕ್ಕೆ ವೆಸ್ಟರ್ನ್ ಆರ್ಕ್ಟಿಕ್, ಪೂರ್ವಕ್ಕೆ ನುನಾತ್ಸಿಯಾಕ್. ನುನಾತ್ಸಿಯಾಕ್ ಅಂದರೆ ಸುಂದರವಾದ ನೆಲ ಅಂತ. ಅಲ್ಲಿಂದ ನ್ಯೂ ಡೆಮಾಕ್ರಟಿಕ್ ಪಕ್ಷದ, ಅಂದರೆ ಎನ್‌ಡಿಪಿಯ, ಪೀಟರ್ ಇಟ್ಟಿನುವಾರ್ ಗೆದ್ದರು. ಚುನಾವಣೆಯಲ್ಲಿ ಗೆದ್ದು ಕೆನಡಾ ಸಂಸತ್ತಿಗೆ ಹೋದ ಮೊದಲ ಇನೂಯಿಟ್ ವ್ಯಕ್ತಿ ಅವರು. ಚಿಕ್ಕವರಿದ್ದಾಗ, 1960ರ ದಶಕದ ಮೊದಲಲ್ಲಿ, ಸರ್ಕಾರ ಮೂವರು ಇನೂಯಿಟ್ ಹುಡುಗರನ್ನು ಮನೆಯವರಿಂದ ದೂರ ಮಾಡಿ ರಾಜಧಾನಿ ಒಟ್ಟಾವಾಗೆ ಕರೆದುಕೊಂಡು ಹೋಗಿ ಬಿಳಿಯರ ಮನೆಗಳಲ್ಲಿಟ್ಟು ಓದಿಸಿತ್ತು. ಹೀಗೆ ಬೆಳೆಸಿದರೆ ಹೇಗಾಗುತ್ತಾರೆ ಅಂತ ನೋಡುವ ಒಂದು ಪ್ರಯೋಗ ಅದು. ಆ ಮೂವರಲ್ಲಿ ಇವರೊಬ್ಬರು. ಅದೇ ಒಟ್ಟಾವಾಗೆ ಅವರು ಸಂಸದರಾಗಿ ವಾಪಸ್ ಹೋದರು.

1980ರಲ್ಲಿ ಮತ್ತೆ ಗೆದ್ದರು. 1982ರ ನವೆಂಬರ್‌ನಲ್ಲಿ ಎನ್‌ಡಿಪಿ ಬಿಟ್ಟು ಆಡಳಿತದಲ್ಲಿದ್ದ ಲಿಬರಲ್ ಪಕ್ಷ ಸೇರಿದರು. ನುನಾವುಟ್ ಬೇರೆಯಾಗಬೇಕು ಎಂಬ ಬೇಡಿಕೆಗೆ ಕೇಂದ್ರ ಸರ್ಕಾರ ತಾತ್ವಿಕವಾಗಿ ಒಪ್ಪಿದ್ದೂ ಅದೇ ತಿಂಗಳು. ಅವರ ಪರ ಇದ್ದವರು ಇದನ್ನೇ ತೋರಿಸುತ್ತಾರೆ.

ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಒಂದು ಪಕ್ಷದ ಚೀಟಿಯಲ್ಲಿ ಗೆದ್ದವರು ಜನರನ್ನು ಕೇಳದೆ ಇನ್ನೊಂದು ಕಡೆ ಕೂರುವುದು ನನಗೆ ಸರಿ ಕಾಣುವುದಿಲ್ಲ, ಕಾರಣ ಎಷ್ಟೇ ದೊಡ್ಡದಿರಲಿ. ಇನ್ನೊಂದು ಮಾತು: ಸರ್ಕಾರ ಮಣಿದದ್ದಕ್ಕೆ ದೊಡ್ಡ ಕಾರಣ ಆ ವರ್ಷ ಏಪ್ರಿಲ್‌ನಲ್ಲಿ ಜನರೇ ಹಾಕಿದ ಮತ ಅಂತ ನಾನು ನಂಬಿದ್ದೇನೆ. ಅದನ್ನು ಕೆಳಗೆ ಹೇಳಿದ್ದೇನೆ. 1984ರಲ್ಲಿ ಇಟ್ಟಿನುವಾರ್ ಸ್ವತಂತ್ರರಾಗಿ ನಿಂತು ಸೋತರು. ಆದರೂ ಆ ಬಾಗಿಲು ಮೊದಲು ತೆರೆದವರು ಅವರು, ಅದನ್ನು ಯಾರೂ ಕಿತ್ತುಕೊಳ್ಳೋಕಾಗದು.

ಪ್ರಶ್ನೆ: ನುನಾವುಟ್ ಬೇರೆ ಟೆರಿಟರಿ ಆದದ್ದು ಹೇಗೆ? ಗಲಾಟೆ, ಹೋರಾಟ ನಡೆಯಿತಾ?

ಹೋರಾಟ ನಡೆಯಿತು, ಆದರೆ ಅದು ನಡೆದದ್ದು ಮೇಜಿನ ಮುಂದೆ ಮತ್ತು ಮತಪೆಟ್ಟಿಗೆಯ ಮುಂದೆ. ಸುಮಾರು ಇಪ್ಪತ್ತಮೂರು ವರ್ಷ.

1971ರಲ್ಲಿ ಇನೂಯಿಟ್ ತಪಿರಿಸಾತ್ ಎಂಬ ಸಂಘಟನೆ ಹುಟ್ಟಿತು. ಇದರ ಮೊದಲ ಅಧ್ಯಕ್ಷ ಟಗಾಕ್ ಕರ್ಲಿ. 1976ರಲ್ಲಿ ಈ ಸಂಘಟನೆ ಪೂರ್ವ ಆರ್ಕ್ಟಿಕ್ ಬೇರೆ ಟೆರಿಟರಿ ಆಗಬೇಕು ಅಂತ ಸರ್ಕಾರದ ಮುಂದೆ ಇಟ್ಟಿತು. ಒಂದು ಕಡೆ ನೆಲದ ಹಕ್ಕಿನ ಮಾತುಕತೆ, ಇನ್ನೊಂದು ಕಡೆ ಗಡಿಯ ಮಾತುಕತೆ, ಎರಡೂ ಒಟ್ಟೊಟ್ಟಿಗೆ.

1982ರ ಏಪ್ರಿಲ್ 14ರಂದು ಇಡೀ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಜನಮತ ಕೇಳಿದರು: ಟೆರಿಟರಿ ಎರಡಾಗಬೇಕಾ? ಸುಮಾರು 56% ಹೌದು ಅಂದರು. ಪೂರ್ವದಲ್ಲಿ ಜನ ಮುಗಿಬಿದ್ದು ಬಂದು ಹೌದು ಅಂದರು, ಪಶ್ಚಿಮದಲ್ಲಿ ಅಷ್ಟು ಉತ್ಸಾಹ ಇರಲಿಲ್ಲ. ಆಮೇಲೆ ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೇ ಹತ್ತು ವರ್ಷ ಹಿಡಿಯಿತು. ಪಶ್ಚಿಮದ ಡೆನೆ ಜನರೂ ಅದೇ ನೆಲದಲ್ಲಿ ಬೇಟೆಯಾಡುತ್ತಿದ್ದರು, ಅವರ ಮಾತಿಗೂ ನ್ಯಾಯ ಇತ್ತು. ಕಡೆಗೆ 1992ರ ಮೇ ತಿಂಗಳಲ್ಲಿ ಗಡಿಯ ಬಗ್ಗೆಯೇ ಮತ ಹಾಕಿಸಿದರು. ಸುಮಾರು 54% ಒಪ್ಪಿದರು. ಅದೇ ನವೆಂಬರ್‌ನಲ್ಲಿ ನೆಲದ ಹಕ್ಕಿನ ಒಪ್ಪಂದಕ್ಕೆ ಇನೂಯಿಟ್ ಜನರ ಮತ ಕೇಳಿದರು. ಮತ ಹಾಕಿದವರಲ್ಲಿ ಇಷ್ಟು ಅಂತಲ್ಲ, ಪಟ್ಟಿಯಲ್ಲಿ ಹೆಸರಿದ್ದ ಎಲ್ಲರ ಪೈಕಿ 69% ಒಪ್ಪಿಗೆ ಸಿಕ್ಕಿತು. ಮನೆಯಲ್ಲೇ ಉಳಿದವರನ್ನೂ ಲೆಕ್ಕಕ್ಕೆ ಹಿಡಿದು ಬಂದ ಸಂಖ್ಯೆ ಅದು.

1993ರ ಮೇ 25ರಂದು, ಇವತ್ತು ನುನಾವುಟ್‌ನ ರಾಜಧಾನಿಯಾಗಿರುವ ಇಕಾಲುಯಿಟ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಸುಮಾರು 3,50,000 ಚದರ ಕಿಲೋಮೀಟರ್ ನೆಲದ ಮಾಲೀಕತ್ವ, ಹದಿನಾಲ್ಕು ವರ್ಷದಲ್ಲಿ 114 ಕೋಟಿ ಕೆನಡಾ ಡಾಲರ್‌ಗೂ ಮೇಲೆ ಹಣ, ಜೊತೆಗೆ ಹೊಸ ಟೆರಿಟರಿಯ ಮಾತು. ಇದಕ್ಕೆ ಬದಲಾಗಿ ಉಳಿದ ನೆಲದ ಮೇಲಿನ ಮೂಲ ಹಕ್ಕನ್ನು ಬಿಟ್ಟುಕೊಡಬೇಕಾಯಿತು. ಆ ಷರತ್ತು ದುಬಾರಿಯಾಯಿತು ಅಂತ ಹೇಳುವವರು ಇನೂಯಿಟ್ ಜನರಲ್ಲೇ ಇದ್ದಾರೆ, ಅವರ ನೋವನ್ನು ತಳ್ಳಿಹಾಕೋಕಾಗಲ್ಲ.

ಹೊಸ ಟೆರಿಟರಿಯನ್ನು ಹೇಗೆ ಕಟ್ಟಬೇಕು ಅಂತ ನೋಡುವ ಆಯೋಗಕ್ಕೆ ಅಧ್ಯಕ್ಷರಾದವರು ಯಾರು ಗೊತ್ತಾ? ಜಾನ್ ಅಮಾಗೋಲಿಕ್. ರೆಸಲ್ಯೂಟ್‌ನ ತೀರದಲ್ಲಿ ಇಳಿಸಿದ ಅದೇ ಹುಡುಗ. ಅವರನ್ನು ನುನಾವುಟ್‌ನ ಪಿತಾಮಹ ಅಂತ ಕರೆಯುತ್ತಾರೆ. 1999ರ ಏಪ್ರಿಲ್ 1ರಂದು ನುನಾವುಟ್ ಹುಟ್ಟಿತು. ಲೋಕಸಭೆಯಂಥ ಅಲ್ಲಿನ ಹೌಸ್ ಆಫ್ ಕಾಮನ್ಸ್ ಕ್ಷೇತ್ರದ ಹೆಸರನ್ನು ಅದಕ್ಕೂ ಮೊದಲೇ, 1997ರ ಚುನಾವಣೆಯ ಹೊತ್ತಿಗೆ, ನುನಾವುಟ್ ಅಂತ ಬದಲಿಸಿದ್ದರು. ನುನಾವುಟ್ ಅಂದರೆ ನಮ್ಮ ನೆಲ. ಸುಂದರವಾದ ನೆಲ ಅಂತ ಯಾರು ಬೇಕಾದರೂ ಹೇಳಬಹುದು, ನಮ್ಮ ನೆಲ ಅಂತ ಹೇಳೋಕೆ ಅಲ್ಲಿನವರೇ ಆಗಬೇಕು.

ಪ್ರಶ್ನೆ: ಈಗ ಅದು ಯಾವ ಪಕ್ಷದ ಕೋಟೆ?

ಯಾರ ಕೋಟೆಯೂ ಅಲ್ಲ. 1984ರಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಥಾಮಸ್ ಸುಲುಕ್ ಗೆದ್ದರು. 1988ರಿಂದ ಲಿಬರಲ್ ಕಾಲ: ಮೊದಲು ಜಾಕ್ ಅನಾವಾಕ್, 1997ರಿಂದ ನ್ಯಾನ್ಸಿ ಕರೆಟಾಕ್-ಲಿಂಡೆಲ್. ಇಪ್ಪತ್ತು ವರ್ಷ ಹಾಗೇ ನಡೆಯಿತು. 2008ರಲ್ಲಿ ಕನ್ಸರ್ವೇಟಿವ್ ಪಕ್ಷದ ಲಿಯೋನಾ ಆಗ್ಲುಕಾಕ್ ಗೆದ್ದು ಕೇಂದ್ರದಲ್ಲಿ ಆರೋಗ್ಯ ಸಚಿವೆಯಾದರು. 2015ರಲ್ಲಿ ಲಿಬರಲ್ ಪಕ್ಷದ ಹಂಟರ್ ಟೂಟೂ ಗೆದ್ದು ಮೀನುಗಾರಿಕೆ ಸಚಿವರಾದರು, ಮರುವರ್ಷವೇ ರಾಜೀನಾಮೆ ಕೊಟ್ಟು ಸ್ವತಂತ್ರ ಸದಸ್ಯರಾಗಿ ಉಳಿದರು. 2019ರಲ್ಲಿ ಎನ್‌ಡಿಪಿಯ ಮುಮಿಲಾಕ್ ಕಕ್ಕಾಕ್, ಆಗ ಅವರಿಗೆ ಬರೀ 25 ವರ್ಷ. 2021ರಲ್ಲೂ 2025ರಲ್ಲೂ ಅದೇ ಪಕ್ಷದಿಂದ ವಕೀಲೆ ಲೋರಿ ಇಡ್ಲೌಟ್.

ಪಟ್ಟಿ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಮತ ಬೀಳುವುದು ಪಕ್ಷಕ್ಕಿಂತ ಜಾಸ್ತಿ ಮನುಷ್ಯನಿಗೆ. ಊರುಗಳು ಸಣ್ಣವು. ನಿಂತವರು ಯಾರ ಮಗಳು, ಯಾವ ಕಡೆಯವರು, ಮೊದಲು ಏನು ಕೆಲಸ ಮಾಡಿದ್ದಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಜಾಕ್ ಅನಾವಾಕ್ ಅವರೇ 2015ರಲ್ಲಿ ಎನ್‌ಡಿಪಿಯಿಂದ ನಿಂತಿದ್ದರು!

ಕಕ್ಕಾಕ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರು ಊರೂರಿಗೆ ಹೋಗಿ ಜನ ಎಂಥ ಮನೆಗಳಲ್ಲಿದ್ದಾರೆ ಅಂತ ಕಣ್ಣಾರೆ ನೋಡಿ ವರದಿ ಮಾಡಿದರು: ಗೋಡೆಗೆ ಬೂಷ್ಟು, ಒಂದೇ ಮನೆಯಲ್ಲಿ ಹಿಡಿಸಲಾರದಷ್ಟು ಜನ. ಒಂದೇ ಅವಧಿ ಮುಗಿಸಿ, ಮತ್ತೆ ನಿಲ್ಲುವುದಿಲ್ಲ ಅಂದರು. 2021ರ ವಿದಾಯ ಭಾಷಣದಲ್ಲಿ, ಸಂಸತ್ ಭವನದೊಳಗೆ ಭದ್ರತಾ ಸಿಬ್ಬಂದಿ ತಮ್ಮನ್ನು ಅನುಮಾನದಿಂದ ನೋಡಿದ್ದನ್ನು, ಈ ಜಾಗ ತನ್ನದು ಅಂತ ಒಮ್ಮೆಯೂ ಅನ್ನಿಸದ್ದನ್ನು ಹೇಳಿಕೊಂಡರು. ಇಟ್ಟಿನುವಾರ್ ಹೋಗಿ ನಾಲ್ವತ್ತು ವರ್ಷದ ಮೇಲೂ ಹೀಗೆ. ಆ ಭಾಷಣ ಕೇಳಿದ ದಿನ ನನಗೆ ಬೇರೆ ಕೆಲಸ ಮಾಡೋಕಾಗಲಿಲ್ಲ.

ಪ್ರಶ್ನೆ: ನುನಾವುಟ್ ವಿಧಾನಸಭೆಯಲ್ಲಿ ಪಕ್ಷಗಳೇ ಇಲ್ಲ ಅಂತ ಗೆಳೆಯನೊಬ್ಬ ವಾದ ಮಾಡುತ್ತಾನೆ. ಯಾರು ಸರಿ?

ನಿಮ್ಮ ಗೆಳೆಯರೇ ಸರಿ. ಎಲ್ಲರೂ ಸ್ವತಂತ್ರರಾಗಿ ನಿಲ್ಲುತ್ತಾರೆ. ಗೆದ್ದವರೆಲ್ಲ ಸೇರಿ ತಮ್ಮೊಳಗಿಂದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಯಂಥವರು, ಮತ್ತು ಮಂತ್ರಿಗಳನ್ನು ಆರಿಸಿಕೊಳ್ಳುತ್ತಾರೆ. 1999ರ ಫೆಬ್ರವರಿಯಲ್ಲಿ ಮೊದಲ ಚುನಾವಣೆ, 19 ಸೀಟು. ಮೊದಲ ಪ್ರೀಮಿಯರ್ ಪಾಲ್ ಓಕಾಲಿಕ್‌ಗೆ ಆಗ 34 ವರ್ಷ.

ಇದಕ್ಕೂ ಮೊದಲು ಒಂದು ಅಪರೂಪದ ಪ್ರಸ್ತಾಪ ಬಂದಿತ್ತು. ಪ್ರತಿ ಕ್ಷೇತ್ರದಿಂದ ಒಬ್ಬ ಗಂಡಸು, ಒಬ್ಬ ಹೆಂಗಸು, ಹೀಗೆ ಸಮ ಸಮ ಇರಲಿ ಅಂತ ಅಮಾಗೋಲಿಕ್ ಅವರ ಆಯೋಗವೇ ಹೇಳಿತ್ತು. 1997ರ ಮೇನಲ್ಲಿ ಮತಕ್ಕೆ ಹಾಕಿದರು. 57% ಬೇಡ ಅಂದರು. ಮೊದಲ ಸಭೆಗೆ ಗೆದ್ದ ಹೆಂಗಸು ಒಬ್ಬರೇ, ಮ್ಯಾನಿಟಾಕ್ ಥಾಂಪ್ಸನ್. ಆದರೆ ಒಟ್ಟಾವಾಗೆ ಕಳಿಸುವಾಗ ಅದೇ ಮತದಾರರು 1997ರಿಂದ 2025ರವರೆಗೆ, 2015 ಒಂದನ್ನು ಬಿಟ್ಟು, ಪ್ರತಿ ಸಾರ್ವತ್ರಿಕ ಚುನಾವಣೆಯಲ್ಲೂ ಹೆಂಗಸರನ್ನೇ ಗೆಲ್ಲಿಸಿದ್ದಾರೆ. ಪ್ರಸ್ತಾಪ ಬಿದ್ದದ್ದು ಬೇಸರದ ವಿಷಯವೇ, ಆದರೂ ಈ ಸಾಲು ನೋಡಿದರೆ ಖುಷಿಯಾಗುತ್ತದೆ.

ಪ್ರಶ್ನೆ: ಟೆರಿಟರಿ ಬಂದು ಇಪ್ಪತ್ತೈದು ವರ್ಷ ಮೇಲಾಯಿತು. ಕೇಳಿದ್ದೆಲ್ಲ ಸಿಕ್ಕಿತಾ?

ಎಲ್ಲ ಸಿಕ್ಕಿಲ್ಲ. ಸರ್ಕಾರಿ ನೌಕರಿಯಲ್ಲಿ ಇನೂಯಿಟ್ ಜನರ ಪಾಲು ಅವರ ಜನಸಂಖ್ಯೆಯಷ್ಟೇ ಇರಬೇಕು ಅಂತ ಒಪ್ಪಂದದಲ್ಲಿತ್ತು, ಅಂದರೆ ಸುಮಾರು 85%. ನಿಜದಲ್ಲಿ ಅದು ಅರ್ಧದ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಕೊಟ್ಟ ಮಾತು ನಡೆಸಿಲ್ಲ ಅಂತ ಇನೂಯಿಟ್ ಪರವಾಗಿ ಒಪ್ಪಂದ ನೋಡಿಕೊಳ್ಳುವ ನುನಾವುಟ್ ಟುಂಗಾವಿಕ್ ಸಂಸ್ಥೆ 2006ರಲ್ಲಿ ಕೇಂದ್ರದ ಮೇಲೆ ಕೇಸು ಹಾಕಿತು. 2015ರಲ್ಲಿ 25.55 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದರಲ್ಲಿ ದೊಡ್ಡ ಪಾಲು ಇನೂಯಿಟ್ ಜನರಿಗೆ ಕೆಲಸದ ತರಬೇತಿ ಕೊಡೋಕೆ.

ಇನ್ನೊಂದು ದೊಡ್ಡ ವಿಷಯ ಸರ್ಕಾರಿ ನೆಲ, ಗಣಿ, ನೀರು. ಟೆರಿಟರಿ ಬಂದ ಮೇಲೂ ಇವುಗಳ ಹಿಡಿತ ಒಟ್ಟಾವಾದಲ್ಲೇ ಉಳಿದಿತ್ತು. ಅದಕ್ಕೇ ಅಲ್ಲಿನ ಜನರಿಗೆ ಆ ಒಬ್ಬ ಸಂಸದರ ಸೀಟು ಅಷ್ಟು ಮುಖ್ಯ. ಆ ಅಧಿಕಾರವನ್ನು ನುನಾವುಟ್‌ಗೆ ವರ್ಗಾಯಿಸುವ ಒಪ್ಪಂದಕ್ಕೆ 2024ರ ಜನವರಿ 18ರಂದು ಸಹಿ ಆಯಿತು. ಅದೂ ಇಕಾಲುಯಿಟ್‌ನಲ್ಲೇ. ವರ್ಗಾವಣೆಗೆ ಇಟ್ಟುಕೊಂಡ ದಿನ 2027ರ ಏಪ್ರಿಲ್ 1.